ಹೊಂದಿಕೊಳ್ಳಬೇಕಾದವರು ಯಾರು?

ಕಕ್ಕಿಂಜೆ ಪೇಟೆಯ ಒಂದು ಸಭಾಭವನದಲ್ಲಿ ಕೂತಿದ್ದೆ. ಹೊರಗೆ ಚಾರ್ಮಾಡಿ ಕಡೆಯ ಮಳೆ. ಒಳಗೆ ವೇದಿಕೆಯ ಮೇಲೊಂದು ಬ್ಯಾನರು. 'ಹವಾಮಾನ ಬದಲಾವಣೆಗೆ ಹೊಂದಿಕೊಳ್ಳೋಣ' ಅಂತ ದೊಡ್ಡ ಅಕ್ಷರ. ದೂರದೂರಿನ ಒಂದು ಸಣ್ಣ ಸೇವಾ ಸಂಸ್ಥೆಯವರು ಘಟ್ಟದ ಬುಡದ ಜನಕ್ಕೆ ಟಾರ್ಪಾಲು, ಸೋಲಾರ್ ದೀಪ, ಒಂದಿಷ್ಟು ಗಿಡ ಹಂಚಲಿಕ್ಕೆ ಬಂದಿದ್ದರು. ಸಂಸ್ಥೆಯ ಹೆಸರು ಬೇಡ. ಅವರು ಕೆಟ್ಟವರಲ್ಲ. ಮಳೆಯಲ್ಲಿ ನೆನೆದುಕೊಂಡು ಬಂದಿದ್ದರು, ಪ್ರೀತಿಯಿಂದ ಮಾತಾಡಿದರು, ಊಟ ಕೊಟ್ಟರು. ಟಾರ್ಪಾಲು ಕೊಡುವಾಗ ಮಾತ್ರ ಕ್ಯಾಮರಾದವನು 'ಸ್ವಲ್ಪ ಈಚೆ ನೋಡಿ' ಅಂದ. ತಗೊಳ್ಳುವವರು ಈಚೆ ನೋಡಿದರು. ಹಾಗೆ ನೋಡಿ ಅವರಿಗೆ ಅಭ್ಯಾಸ ಉಂಟು.

ನನ್ನ ಪಕ್ಕದಲ್ಲಿ ಮಲೆಯಿಂದ ಇಳಿದು ಬಂದಿದ್ದ ಅಜ್ಜ ಒಬ್ಬರು ಕೂತಿದ್ದರು. ಓದು ಬರುವುದಿಲ್ಲ. ಬ್ಯಾನರಿನಲ್ಲಿ ಎಂತ ಬರೆದದ್ದು ಅಂತ ಕೇಳಿದರು. ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹೊಂದಿಕೊಳ್ಳುದಾ? ಇನ್ನೂ ಎಷ್ಟು ಮಾರಾಯಾ?' ಅಂದರು.

ಈ ಲೇಖನದಲ್ಲಿ ನಾನು ಹೇಳಬೇಕಾದ್ದನ್ನೆಲ್ಲ ಆ ಅಜ್ಜ ಅಲ್ಲೇ ಹೇಳಿ ಮುಗಿಸಿದ್ದಾರೆ. ಉಳಿದದ್ದು ವಿವರಣೆ.

1

ಪದ್ಯ ಬರೆಯುವವನಿಗೆ ಪದಗಳ ಮೇಲೆ ಅನುಮಾನ ಇರಬೇಕು. 'ಹೊಂದಿಕೊಳ್ಳು' ಅನ್ನುವ ಪದ ನಮ್ಮ ಕೇರಿಗಳಿಗೆ ಹೊಸದಲ್ಲ. ಧಣಿ ಕೂಗಾಡಿದರೆ ಹೊಂದಿಕೊಂಡು ಹೋಗು. ಶಾಲೆಯಲ್ಲಿ ಬೇರೆ ಕೂರಿಸಿದರೆ ಹೊಂದಿಕೊಂಡು ಹೋಗು. ಗಂಡ ಹೊಡೆದರೆ ಹೊಂದಿಕೊಂಡು ಹೋಗು. ನಮ್ಮ ಅವ್ವಂದಿರು ಇದನ್ನು ಹೇಳಿಕೊಟ್ಟದ್ದು ಭಯದಿಂದ, ಮಕ್ಕಳು ಬದುಕಿ ಉಳಿಯಲಿ ಅಂತ. ಮೇಲಿನವರು ಹೇಳಿಕೊಟ್ಟದ್ದು ತಮ್ಮ ಅನುಕೂಲಕ್ಕೆ. ಸಾವಿರಾರು ವರ್ಷ ಈ ಒಂದು ಕ್ರಿಯಾಪದದ ಮೇಲೆ ಜಾತಿ ವ್ಯವಸ್ಥೆ ಕೂತಿದೆ. ಅದೇ ಪದ ಈಗ ವಿಜ್ಞಾನದ ಅಂಗಿ ಹಾಕಿಕೊಂಡು ನಮ್ಮ ಗುಡ್ಡ ಹತ್ತುತ್ತಿದೆ.

ನಾನು ವಿಜ್ಞಾನವನ್ನು ಹೀಗಳೆಯುತ್ತಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ. ಹದಿನೈದು ದಿನ ಜಿಟಿಜಿಟಿ ಹಿಡಿದು ಬರುತ್ತಿದ್ದ ಮಳೆ ಎರಡೇ ದಿನದಲ್ಲಿ ಸುರಿದುಬಿಡುತ್ತದೆ. ಜಿಟಿಜಿಟಿ ಮಳೆಯನ್ನು ಗುಡ್ಡ ಕುಡಿಯುತ್ತದೆ. ಸುರಿಯುವ ಮಳೆಯನ್ನು ಕುಡಿಯಲಿಕ್ಕೆ ಅದಕ್ಕೆ ಪುರುಸೊತ್ತಿಲ್ಲ. ಮಣ್ಣಿನ ಸಂದಿಯಲ್ಲಿ ನೀರು ತುಂಬಿ ಒತ್ತಡ ಏರಿ, ಮಣ್ಣು ಕಲ್ಲಿನ ಹಿಡಿತ ಬಿಡುತ್ತದೆ. ಬುಡವನ್ನು ರಸ್ತೆಗೋ ತೋಟಕ್ಕೋ ಕಡಿದಿದ್ದರೆ ಇನ್ನೂ ಬೇಗ ಬಿಡುತ್ತದೆ. ಇಷ್ಟೂ ನಿಜ. ಗುಡ್ಡದವರು ತಯಾರಿರಬೇಕು ಅನ್ನುವುದೂ ನಿಜ. ನನ್ನ ಪ್ರಶ್ನೆ ಬೇರೆ. ಆಕಾಶವನ್ನು ಬಿಸಿ ಮಾಡಿದವನು ಒಬ್ಬ, ಗುಡ್ಡ ಕಡಿದವನು ಇನ್ನೊಬ್ಬ. ಹೊಂದಿಕೊಳ್ಳಬೇಕಾದವನು ಮಾತ್ರ ಯಾವಾಗಲೂ ಮೂರನೆಯವನೇ ಯಾಕೆ?

2

2019ರ ಆಗಸ್ಟಿನಲ್ಲಿ ಏನಾಯಿತು ಅಂತ ಬೆಳ್ತಂಗಡಿ ತಾಲೂಕಿನ ಜನಕ್ಕೆ ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ಘಟ್ಟದ ಮೇಲೆ ಗುಡ್ಡಗಳು ಜರಿದವು. ಮೃತ್ಯುಂಜಯ ಹೊಳೆ, ನೇತ್ರಾವತಿಯ ಬೇರೆ ಕವಲುಗಳು ಮರದ ದಿಮ್ಮಿ, ಬಂಡೆ, ಮರಳು ಹೊತ್ತುಕೊಂಡು ಇಳಿದವು. ಚಾರ್ಮಾಡಿ ಗ್ರಾಮದ ಕೊಳಂಬೆಯಲ್ಲಿ ಮನೆ, ತೋಟ, ಬಾವಿ ಎಲ್ಲವೂ ಮರಳಿನಡಿ ಹೋದವು. ನೆರಿಯದ ಬಾಂಜಾರುಮಲೆಗೆ ಹೋಗುವ ಸೇತುವೆ ಕೊಚ್ಚಿಹೋಗಿ ಅಲ್ಲಿನ ಮಲೆಕುಡಿಯರು ಜಗತ್ತಿನಿಂದಲೇ ಕಡಿದುಹೋದರು. ಹೊಳೆಗೆ ಅಡ್ಡ ಮರ ಹಾಕಿ ತಾವೇ ದಾರಿ ಮಾಡಿಕೊಂಡರು. ಮಂಗಳೂರಿಂದ ಮೂಡಿಗೆರೆ ಕಡೆ ಹೋಗುವ ಹೆದ್ದಾರಿ ಮುಚ್ಚಿತು. ಪತ್ರಿಕೆಗಳಿಗೆ ಹೆದ್ದಾರಿ ಮುಚ್ಚಿದ್ದೇ ದೊಡ್ಡ ಸುದ್ದಿಯಾಯಿತು.

ಆಗ ಉಜಿರೆಯಲ್ಲಿ ಒಂದು ತಂಡ ಹುಟ್ಟಿತು. ಹೆಸರು 'ಬದುಕು ಕಟ್ಟೋಣ ಬನ್ನಿ'. ಯುವಕರು, ವಿದ್ಯಾರ್ಥಿಗಳು ಹಾರೆ ಬುಟ್ಟಿ ಹಿಡಿದು ಕೊಳಂಬೆಗೆ ಬಂದರು. ಅಂಗಳದ ಮರಳು ತೆಗೆದರು, ಬಾವಿಯ ಹೂಳೆತ್ತಿದರು, ಆಮೇಲೆ ಮನೆಗಳನ್ನೂ ಕಟ್ಟಿದರು. ಇದನ್ನು ನಾನು ಹಗುರವಾಗಿ ಮಾತಾಡಲಾರೆ. ಮರಳು ತುಂಬಿದ ಬಾವಿಯೊಳಗೆ ಇಳಿಯುವವನಿಗೆ ಜಾತಿ ಇರುವುದಿಲ್ಲ, ಆ ಹೊತ್ತಿಗಾದರೂ. ಬಂಡಾಯದ ಹೆಸರು ಹೇಳಿಕೊಂಡು ಕೈ ಕೊಳೆ ಮಾಡಿಕೊಳ್ಳದೆ ಕೂತ ನಮ್ಮಂಥವರಿಗಿಂತ ಹಾರೆ ಹಿಡಿದ ಆ ಹುಡುಗರು ದೊಡ್ಡವರು.

ಆ ಹೆಸರಿನ ವ್ಯಾಕರಣವನ್ನು ಗಮನಿಸಿ. 'ಕಟ್ಟಿಕೊಡುತ್ತೇವೆ' ಅಂತ ಇಲ್ಲ. 'ಕಟ್ಟೋಣ' ಅಂತ ಇದೆ. 'ಬನ್ನಿ' ಅಂತ ಕರೆದಿದ್ದಾರೆ. ಆ ಮಾತಿನಲ್ಲಿ ಕೊಡುವವನೂ ಇಲ್ಲ, ಕೈಯೊಡ್ಡುವವನೂ ಇಲ್ಲ, ಇರುವುದು ನಾವು. ಸೇವೆಯ ಭಾಷೆ ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ. ಸಭಾಭವನದ ಬ್ಯಾನರಿನಲ್ಲೂ 'ಹೊಂದಿಕೊಳ್ಳೋಣ' ಅಂತಲೇ ಇತ್ತಲ್ಲ, ಅಲ್ಲೂ 'ನಾವು' ಉಂಟಲ್ಲ ಅಂತ ನೀವು ಕೇಳಬಹುದು. ಆ 'ನಾವು' ಸುಳ್ಳು. ಬ್ಯಾನರು ಬರೆಸಿದವರು ಸಂಜೆ ತಮ್ಮ ಊರಿಗೆ ಹೋಗುತ್ತಾರೆ. ಹೊಂದಿಕೊಳ್ಳಲಿಕ್ಕೆ ಗುಡ್ಡದಲ್ಲಿ ಉಳಿಯುವವರು ಬೇರೆ. ಮರಳು ಎತ್ತುವಾಗಿನ 'ನಾವು' ನಿಜ, ಯಾಕೆಂದರೆ ಬೆವರು ಇಬ್ಬರದ್ದೂ.

ಆದರೂ ಹಾರೆ ಹೋಗಲಾರದ ಜಾಗವೊಂದಿದೆ. ಅದು ತಾಲೂಕು ಕಚೇರಿಯ ಕಡತ.

3

ಆ ವರ್ಷ ಕರ್ನಾಟಕ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ತಕ್ಷಣದ ಖರ್ಚಿಗೆ 10 ಸಾವಿರ ರೂಪಾಯಿ ಅಂತ ಘೋಷಿಸಿತು. ಒಳ್ಳೆಯದೇ. ಆದರೆ ಯಾವ ನೆರೆ ಬಂದರೂ ಕಚೇರಿ ಮೊದಲು ಕೇಳುವುದು ಕಾಗದ. ಮನೆ ಯಾರದ್ದು? ಜಾಗ ಯಾರದ್ದು? ಪಹಣಿಯಲ್ಲಿ ಯಾರ ಹೆಸರು? ಹೊಳೆ ಮನೆಯನ್ನು ಒಯ್ಯುವಾಗ ಪಹಣಿ ಕೇಳುವುದಿಲ್ಲ. ಸರ್ಕಾರ ಕೇಳುತ್ತದೆ.

ಈ ಜಿಲ್ಲೆಯ ಕಾಗದದ ಚರಿತ್ರೆ ಜಾತಿಯ ಚರಿತ್ರೆ. 1974ರ ಭೂಸುಧಾರಣೆ ದಕ್ಷಿಣ ಕನ್ನಡದಲ್ಲಿ ಎಷ್ಟೋ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಅದು ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಕಾನೂನು 'ಉಳುವವನೇ ಒಡೆಯ' ಅಂದಾಗ ಅದಕ್ಕೆ ಕಂಡ 'ಉಳುವವನು' ಗೇಣಿ ಕೊಡುವವನು ಮಾತ್ರ. ಗೇಣಿಯೂ ಇಲ್ಲದೆ, ಧಣಿಯ ಮನೆಯ ಮೂಲದಾಳಾಗಿ, ಎತ್ತಿನ ಹಿಂದೆ ಎತ್ತಿನ ಹಾಗೆ ನಡೆದವನು ಕಾಣಲಿಲ್ಲ. ಇದೇ ಸೀಮೆಯ ಕಾರಂತರು 1933ರಲ್ಲೇ 'ಚೋಮನ ದುಡಿ' ಬರೆದಿದ್ದರು. ಚೋಮನಿಗೆ ಬೇಕಾಗಿದ್ದದ್ದು ಕರುಣೆಯಲ್ಲ, ಬೇಸಾಯಕ್ಕೊಂದು ತುಂಡು ಭೂಮಿ. ಕಾದಂಬರಿ ಓದಿ ನಾಡೆಲ್ಲ ಕಣ್ಣೀರು ಹಾಕಿತು. ನಲವತ್ತೊಂದು ವರ್ಷ ಆದ ಮೇಲೆ ಬಂದ ಕಾನೂನು ಕೂಡ ಚೋಮನನ್ನು ದಾಟಿಕೊಂಡು ಹೋಯಿತು. ಬ್ರಿಟಿಷರ ಕಾಲದಲ್ಲಿ ದಲಿತರಿಗೆ ಅಂತಲೇ ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿಗಾಗಿ ಈ ಜಿಲ್ಲೆಯ ದಲಿತರು ಅರ್ಜಿ ಹಿಡಿದು ತಿರುಗಿದ ಕತೆ ಎಲ್ಲರಿಗೂ ಗೊತ್ತು.

ಹಾಗಾಗಿ ನಮಗೆ ಸಿಕ್ಕಿದ್ದು ಎಂಥ ಜಾಗ? ಬೇರೆ ಯಾರಿಗೂ ಬೇಡವಾದದ್ದು. ಪದವಿನ ಮುರಕಲ್ಲು, ಹೊಳೆಯ ದಂಡೆ, ಗುಡ್ಡ ಕಡಿದು ಮಾಡಿದ ಐದು ಸೆಂಟ್ಸಿನ ಕಾಲನಿ. ಮಳೆಗೆ ಜಾತಿ ಇಲ್ಲ ಅಂತ ಭಾಷಣ ಮಾಡುವವರು ಇದನ್ನು ನೋಡಬೇಕು. ಮಳೆಗೆ ಇಲ್ಲ, ಮಳೆ ಬೀಳುವ ಜಾಗಕ್ಕೆ ಉಂಟು.

ಇದು ನಮ್ಮ ತಾಲೂಕಿನ ಕತೆ ಮಾತ್ರ ಅಲ್ಲ. ಇದೇ ಘಟ್ಟದ ತೆಂಕಣ ತುದಿಯಲ್ಲಿ, ಕೇರಳದ ಮುನ್ನಾರಿನ ಹತ್ತಿರ ಪೆಟ್ಟಿಮುಡಿ ಅಂತ ಒಂದು ಚಹಾ ತೋಟ. 2020ರ ಆಗಸ್ಟ್ 6ರ ರಾತ್ರಿ ಗುಡ್ಡ ಜರಿದು ಲೈನುಮನೆಗಳ ಮೇಲೆ ಬಿತ್ತು. ಎಪ್ಪತ್ತು ಜನ ಹೋದರು. ಹೆಚ್ಚಿನವರು ತಮಿಳು ದಲಿತ ಕೂಲಿಗಳು. ಮಾರನೇ ದಿನ ಕೋಳಿಕ್ಕೋಡ್‌ನಲ್ಲಿ ವಿಮಾನ ಬಿತ್ತು. ವಿಮಾನದಲ್ಲಿ ಸತ್ತವರ ಮನೆಗೆ ಆ ರಾಜ್ಯ ಸರ್ಕಾರ 10 ಲಕ್ಷ ಘೋಷಿಸಿತು. ಪೆಟ್ಟಿಮುಡಿಯವರಿಗೆ 5 ಲಕ್ಷ. ಎರಡೂ ಒಂದೇ ಮಳೆಗಾಲದ ಸಾವು. ಎತ್ತರದಿಂದ ಬಿದ್ದು ಸತ್ತವನ ಬೆಲೆಗೆ ಮಣ್ಣಿನಡಿ ಸತ್ತವನು ಅರ್ಧ. ತಲೆತಲಾಂತರ ಆ ತೋಟದಲ್ಲಿ ದುಡಿದವರಿಗೆ ಅಲ್ಲಿ ಒಂದು ಸೆಂಟ್ಸು ಸ್ವಂತ ಜಾಗ ಇರಲಿಲ್ಲ ಅನ್ನುವುದನ್ನು ಇದಕ್ಕೆ ಸೇರಿಸಿಕೊಳ್ಳಿ.

4

ಈಗ ಮಲೆಕುಡಿಯರ ವಿಷಯ. ನಾನು ಮಲೆಕುಡಿಯನಲ್ಲ, ಬಯಲಿನ ಕಾಲನಿಯವನು. ಅವರ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ಎಲ್ಲರೂ ಪತ್ರಿಕೆಯಲ್ಲಿ ಓದಿದ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಡುತ್ತೇನೆ. ಇಡುವ ಅಧಿಕಾರ ಎಲ್ಲರಿಗೂ ಉಂಟು.

ಮೊದಲನೆಯದು. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆ. ಬಾಂಜಾರುಮಲೆಯ ಮತಗಟ್ಟೆಯಲ್ಲಿ 111 ಮತದಾರರು. ಬಿದ್ದ ಮತ 111. ನೂರಕ್ಕೆ ನೂರು! ಜಿಲ್ಲೆಯೇ ಹೊಗಳಿತು. ಪ್ರಜಾಪ್ರಭುತ್ವದ ಹಬ್ಬ ಅಂದರು.

ಎರಡನೆಯದು. ಅದೇ ತಾಲೂಕಿನ ಕುತ್ಲೂರು. 2012ರ ಮಾರ್ಚಿನಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿದ್ಯಾರ್ಥಿ ವಿಠಲ ಮಲೆಕುಡಿಯ ಮತ್ತು ಅವರ ತಂದೆಯನ್ನು ಪೊಲೀಸರು ಹಿಡಿದರು. ರಾಜದ್ರೋಹ, ಯುಎಪಿಎ. ಮನೆಯಲ್ಲಿ ಸಿಕ್ಕ ಸಾಕ್ಷಿ ಏನು? ಭಗತ್ ಸಿಂಗ್ ಬಗ್ಗೆ ಒಂದು ಪುಸ್ತಕ. ಪತ್ರಿಕೆಯ ತುಣುಕುಗಳು. ಊರಿಗೆ ಮೂಲಸೌಕರ್ಯ ಸಿಗುವ ತನಕ ಚುನಾವಣೆ ಬಹಿಷ್ಕರಿಸಬೇಕು ಅನ್ನುವ ಪತ್ರ. ಆ ಹುಡುಗ ಕೈಕೋಳದಲ್ಲಿ ಪರೀಕ್ಷೆಗೆ ಬಂದದ್ದನ್ನು ನಾಡು ನೋಡಿತು. 2021ರ ಅಕ್ಟೋಬರಿನಲ್ಲಿ ನ್ಯಾಯಾಲಯ ತಂದೆ ಮಗ ಇಬ್ಬರೂ ನಿರ್ದೋಷಿಗಳು ಅಂದಿತು. ಒಂಬತ್ತೂವರೆ ವರ್ಷ! ಅಷ್ಟರಲ್ಲಿ ವಿದ್ಯಾರ್ಥಿ ಪತ್ರಕರ್ತನಾಗಿದ್ದ.

ಗೆಳೆಯರೇ, ಈ ಎರಡನ್ನು ಕೂಡಿಸಿ ಓದಿ. ಸಾಲಲ್ಲಿ ನಿಂತು ಓಟು ಹಾಕಿದ ಮಲೆಕುಡಿಯ ಪ್ರಜಾಪ್ರಭುತ್ವದ ಹೆಮ್ಮೆ. ರಸ್ತೆ ಕೊಡದಿದ್ದರೆ ಓಟಿಲ್ಲ ಅಂದ ಮಲೆಕುಡಿಯ ದೇಶದ್ರೋಹಿ. ಟಾರ್ಪಾಲಿಗೆ ಕೈಯೊಡ್ಡಿದರೆ ಮುಗ್ಧ ಕಾಡಿನ ಮಗು. ಕಾಗದ ಕೇಳಿದರೆ ಅಪಾಯಕಾರಿ. ದಾನದ ರಾಜಕೀಯ ಇಲ್ಲಿದೆ. ದಾನಕ್ಕೆ ಬಡವ ಬೇಕು. ಪ್ರಶ್ನೆ ಕೇಳುವ ಬಡವ ಬೇಡ.

ಕುದುರೆಮುಖದ ಕತೆ ಇನ್ನೂ ಒಂದು. ಅಲ್ಲಿ 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಗೆರೆ ಎಳೆದರು. ಕಾಡು ಉಳಿಯಬೇಕು, ಜನ ಹೊರಗೆ ಹೋಗಬೇಕು ಅಂತ ಮಲೆಕುಡಿಯರಿಗೆ ಹೇಳಿದರು. ಅದೇ ಬೆಟ್ಟದಲ್ಲಿ ಕಬ್ಬಿಣದ ಅದಿರಿನ ಕಂಪನಿ 2005ರ ಕೊನೆಯವರೆಗೆ ಗುಡ್ಡವನ್ನು ಮೇಲಿಂದ ಕೆರೆಯುತ್ತಲೇ ಇತ್ತು. ಅದು ನಿಂತದ್ದು ಸುಪ್ರೀಂ ಕೋರ್ಟು ಹೇಳಿದ ಮೇಲೆ. ಕತ್ತಿ ಹಿಡಿದು ಏಲಕ್ಕಿ, ಜೇನು, ಸೀಗೆಕಾಯಿಗೆ ಹೋದವನು ಕಾಡಿಗೆ ಶತ್ರು. ಯಂತ್ರ ಹಿಡಿದು ಬೆಟ್ಟವನ್ನೇ ಹಡಗಿಗೆ ತುಂಬಿದವನು ದೇಶದ ಅಭಿವೃದ್ಧಿ.

5

ಜಗತ್ತಿನ ಸಭೆಗಳಲ್ಲೂ ಇದೇ ಆಟ. 2015ರಲ್ಲಿ ಪ್ಯಾರಿಸ್ಸಿನಲ್ಲಿ ಹವಾಮಾನದ ಒಪ್ಪಂದ ಆಯಿತು. ಬಡ ದೇಶಗಳಿಗೆ ಆಗುವ ನಷ್ಟ ಮತ್ತು ಹಾನಿಯ ಬಗ್ಗೆ ಒಂದು ವಿಧಿ ಸೇರಿಸಿದರು. ಅದರ ಜೊತೆಗೇ ನಿರ್ಣಯದಲ್ಲಿ ಇನ್ನೊಂದು ವಾಕ್ಯವನ್ನೂ ಸೇರಿಸಿದರು. ಈ ವಿಧಿಯ ಆಧಾರದಲ್ಲಿ ಯಾರೂ ಹೊಣೆ ಅಥವಾ ಪರಿಹಾರ ಕೇಳುವಂತಿಲ್ಲ ಅನ್ನುವುದು ಅದರ ತಾತ್ಪರ್ಯ. ಮೊದಲು ಹೊಗೆ ಬಿಟ್ಟು ಶ್ರೀಮಂತರಾದ ದೇಶಗಳು ಹಟ ಹಿಡಿದು ಅದನ್ನು ಬರೆಸಿದವು. 2022ರಲ್ಲಿ ಈಜಿಪ್ಟಿನ ಸಭೆಯಲ್ಲಿ ನಷ್ಟ ಹಾನಿಗೆ ಒಂದು ನಿಧಿ ಮಾಡುತ್ತೇವೆ ಅಂತ ಒಪ್ಪಿಕೊಂಡರು. ನಿಧಿ ಅಂದರೆ ಸರಿ, ಸಾಲ ತೀರಿಸುವುದು ಅಂದರೆ ಸರಿಯಲ್ಲ. 'ಕೊಡ್ತೇವೆ, ಆದರೆ ಕೊಡಬೇಕಾದದ್ದು ಅಂತ ಮಾತ್ರ ಹೇಳಬೇಡಿ.'

ಈ ಧ್ವನಿ ಎಲ್ಲಿಯೋ ಕೇಳಿದ್ದಲ್ಲವಾ? ಹಬ್ಬದ ದಿನ ಹಿತ್ತಲಿಗೆ ಕರೆದು ಅನ್ನ ಹಾಕಿದ ಧಣಿಯ ಧ್ವನಿ ಅದು. ಅನ್ನ ಕೊಡುತ್ತಾನೆ. ಕೂಲಿ ಲೆಕ್ಕ ಮಾತ್ರ ಕೇಳಬಾರದು.

6

ಹಾಗಾದರೆ ಸಣ್ಣ ಸೇವಾ ಸಂಸ್ಥೆಗಳು ಮುಚ್ಚಿಹೋಗಬೇಕಾ? ಇಲ್ಲ. ಹಾಗೆ ಹೇಳುವುದು ಸುಲಭದ ಕ್ರಾಂತಿ. ರಾತ್ರಿ ಮಳೆಗೆ ಮನೆ ಬಿದ್ದವಳಿಗೆ ಬೆಳಿಗ್ಗೆ ಬೇಕಾದದ್ದು ಟಾರ್ಪಾಲು, ನನ್ನ ಲೇಖನ ಅಲ್ಲ.

ಸೇವೆಯನ್ನು ಅಳೆಯಲಿಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಅಳತೆಗೋಲು ಉಂಟು. ಕುದ್ಮುಲ್ ರಂಗರಾಯರು. ಸಾರಸ್ವತ ಬ್ರಾಹ್ಮಣರು. 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಶುರು ಮಾಡಿದರು. ಅದೂ ಒಂದು ಸಣ್ಣ ಸಂಸ್ಥೆಯೇ. ಆದರೆ ಅಕ್ಕಿ ಹಂಚಿ ನಿಲ್ಲಲಿಲ್ಲ. ದಲಿತ ಮಕ್ಕಳಿಗೆ ಶಾಲೆ ತೆರೆದರು, ಕಸುಬು ಕಲಿಸಿದರು, ನೆಲೆಗೆ ನೆಲ ಕೊಡಿಸಲು ಓಡಾಡಿದರು. ಅವರ ಜಾತಿಯವರು ಅವರನ್ನು ಹೊರಗಿಟ್ಟರು. ದಲಿತರ ಮಗುವೊಂದು ಓದಿ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತನ್ನ ತಲೆಗೆ ಬಿದ್ದರೆ ಜನ್ಮ ಸಾರ್ಥಕ ಅಂತ ಅವರು ಹೇಳುತ್ತಿದ್ದರಂತೆ. ತಾನು ಮೇಲೆ ನಿಂತು ಕೊಡುವ ಆಸೆ ಅದಲ್ಲ, ತನ್ನನ್ನು ದಾಟಿ ಹೋಗಲಿ ಅನ್ನುವ ಆಸೆ. ತಾನು ಬೇಡವಾಗುವ ದಿನಕ್ಕೆ ಕಾಯುವ ಸೇವೆ ಮಾತ್ರ ಸೇವೆ. ಉಳಿದದ್ದು ಯಜಮಾನಿಕೆಯ ಇನ್ನೊಂದು ವೇಷ.

ಇನ್ನೊಂದು ಅಳತೆಗೋಲು ಮಹಾಡ್. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ ಕೆರೆಗೆ ಹೋದದ್ದು ಬಾಯಾರಿಕೆಯಿಂದ ಅಲ್ಲ. ಬಾಯಾರಿಕೆಯೇ ಆಗಿದ್ದರೆ ಯಾರಾದರೂ ಪುಣ್ಯಾತ್ಮ ಎತ್ತರದಿಂದ ಒಂದು ಕೊಡ ಸುರಿಯುತ್ತಿದ್ದ. ಸುರಿದ ನೀರೂ ಬೊಗಸೆ ಇಳಿಸಿ ಕುಡಿದ ನೀರೂ ರಸಾಯನದಲ್ಲಿ ಒಂದೇ, ಚರಿತ್ರೆಯಲ್ಲಿ ಒಂದಲ್ಲ.

ಆದ್ದರಿಂದ ಘಟ್ಟ ಹತ್ತಿ ಬರುವ ಸಂಸ್ಥೆಯವರಿಗೆ ನನ್ನದು ನಾಲ್ಕು ಪ್ರಶ್ನೆ. ನೀವು ಕೊಟ್ಟ ಸಾಮಾನಿನ ಪಟ್ಟಿಯನ್ನು ಯಾರು ಮಾಡಿದ್ದು, ನೀವೋ ಊರವರೋ? ಊರಿನ ಅರಣ್ಯ ಹಕ್ಕು ಸಮಿತಿ ಬದುಕಿದೆಯಾ ಅಂತ ಕೇಳಿದಿರಾ? 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ ಶಿಫಾರಸು ಮಾಡಿದರೆ ರಸ್ತೆ, ಶಾಲೆ, ಅಂಗನವಾಡಿ, ಕುಡಿಯುವ ನೀರು ಸೇರಿ ಹದಿಮೂರು ಸೌಕರ್ಯಗಳಿಗೆ ಒಂದೊಂದಕ್ಕೂ ಒಂದು ಹೆಕ್ಟೇರಿನೊಳಗೆ ಕಾಡಿನ ಜಾಗ ಕೊಡಬಹುದು, ಹೆಕ್ಟೇರಿಗೆ 75 ಮರ ಮೀರದ ಹಾಗೆ, ಅಂತ ಇದೆ. ಆ ಅರ್ಜಿ ಬರೆಯಲಿಕ್ಕೆ ಒಂದು ದಿನ ಕೂತಿರಾ? ಕೊನೆಯದು, ನಿಮ್ಮ ಫೋಟೋದಲ್ಲಿರುವ ಹೆಂಗಸು ನಾಳೆ ತಾಲೂಕು ಕಚೇರಿ ಎದುರು ಧರಣಿ ಕೂತರೆ ಆಗಲೂ ಫೋಟೋಕ್ಕೆ ಬರುತ್ತೀರಾ?

ಒಂದು ಸೋಲಾರ್ ದೀಪ ಮೂರು ವರ್ಷ ಉರಿಯಬಹುದು. ಒಂದು ಹಕ್ಕುಪತ್ರ ಮೂರು ತಲೆಮಾರು ಉರಿಯುತ್ತದೆ.

7

ಕೊನೆಗೆ ನಮ್ಮ ಸಾಹಿತ್ಯದ ಮಾತು. ಕನ್ನಡ ಕಾವ್ಯದಲ್ಲಿ ಮಳೆ ಅಂದರೆ ಪ್ರೇಮ, ಮಲೆ ಅಂದರೆ ದೇವರು. ಕಿಟಕಿಯ ಒಳಗೆ ಕಾಫಿ ಹಿಡಿದು ನೋಡಿದ ಮಳೆ ಅದು. ಸೋಗೆ ಮಾಡಿನಡಿ ಪಾತ್ರೆಯಿಟ್ಟು ನಿದ್ದೆಗೆಟ್ಟವಳ ಮಳೆ ನಮ್ಮ ಪಠ್ಯಪುಸ್ತಕಕ್ಕೆ ಬರಲಿಲ್ಲ. ಮಲೆಕುಡಿಯರ ಬದುಕಿನ ಮೇಲೆ ಕಾರಂತರು 'ಕುಡಿಯರ ಕೂಸು' ಬರೆದರು. ದೊಡ್ಡ ಕೆಲಸವೇ. ಆದರೆ ಅದು ಕೆಳಗಿಂದ ಹತ್ತಿ ಹೋದವರು ಕಂಡ ಮಲೆ. ಮಲೆಯಿಂದ ಇಳಿದು ಬಂದವರು ಬರೆದ ಪುಸ್ತಕಕ್ಕೆ ನಾವು ಜಾಗ ಮಾಡಿಟ್ಟಿದ್ದೇವಾ? ಬರೆಯಲು ಹೊರಟ ಹುಡುಗನ ಪುಸ್ತಕದ ಕಪಾಟು ಪೊಲೀಸರ ಪಂಚನಾಮೆಗೆ ಹೋದ ನಾಡಿದು.

ಬೇರೆಯವರನ್ನು ಬೈದು ನಾನು ತಪ್ಪಿಸಿಕೊಳ್ಳಬಾರದು. ನೆರೆ ಇಳಿದ ಮೇಲೆ ನಾನೂ ಒಂದು ಪದ್ಯ ಬರೆದಿದ್ದೆ. ಹೊಳೆಗೆ ಸಿಟ್ಟು, ಗುಡ್ಡಕ್ಕೆ ಕಣ್ಣೀರು, ಎಲ್ಲ ಇತ್ತು ಅದರಲ್ಲಿ. ಹೊಳೆಬದಿಯ ಒಬ್ಬರು ಅಕ್ಕನಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, 'ಚಂದ ಉಂಟು. ನಿನಗೆ ಬರೀಲಿಕ್ಕೆ ಬರ್ತದಲ್ಲ, ಪಹಣಿಯಲ್ಲಿ ನನ್ನ ಹೆಸರು ಬರೆಸ್ಲಿಕ್ಕೆ ಆಗ್ತದಾ?' ಅಂದರು. ನನ್ನ ಪದ್ಯಕ್ಕೆ ಸಿಕ್ಕಿದ ಒಂದೇ ಒಂದು ನಿಜವಾದ ವಿಮರ್ಶೆ ಅದು. ನನ್ನ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ನಾನು ಕಲಿತ ಅಕ್ಷರ ಪದ್ಯಕ್ಕೆ ಮಾತ್ರ ಮುಗಿದರೆ ನಾನೂ ಆ ಕ್ಯಾಮರಾದವನೇ.

ಅದಕ್ಕೇ ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಮುಂದಿನ ಮಳೆಗಾಲಕ್ಕೆ ಮೊದಲು ನಿಮ್ಮೂರಿನ ಗುಡ್ಡದ ಬುಡಕ್ಕೆ ಹೋಗಿ. ಯಾರ ಮನೆ ಎಲ್ಲಿದೆ, ಯಾರ ಹತ್ತಿರ ಕಾಗದ ಇದೆ, ಯಾರ ಹತ್ತಿರ ಇಲ್ಲ, ಬರೆದಿಡಿ. ಇಲ್ಲದವರ ಅರ್ಜಿ ಬರೆಯಿರಿ. ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯಿರಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ. ಹವಾಮಾನದ ಬಗ್ಗೆ ಇದಕ್ಕಿಂತ ದೊಡ್ಡ ಸಾಹಿತ್ಯ ಸದ್ಯಕ್ಕೆ ನಮ್ಮಿಂದ ಆಗುವುದಿಲ್ಲ.

ಸಭೆ ಮುಗಿದ ಮೇಲೆ ಆ ಅಜ್ಜ ಟಾರ್ಪಾಲನ್ನು ಕಂಕುಳಲ್ಲಿಟ್ಟುಕೊಂಡು ಮಲೆಯ ಕಡೆ ಹೊರಟರು. ಮಳೆ ಬಿಟ್ಟಿರಲಿಲ್ಲ. ಟಾರ್ಪಾಲು ನೆನೆಯಬಾರದು ಅಂತ ಅದರ ಮೇಲೆ ಕೊಡೆ ಹಿಡಿದಿದ್ದರು. ತಾನು ನೆನೆಯುತ್ತಿದ್ದರು.

ಅವರು ಹೊಂದಿಕೊಂಡದ್ದು ಸಾಕು. ಇನ್ನು ಕಚೇರಿ ಹೊಂದಿಕೊಳ್ಳಲಿ. ಕಾನೂನು ಹೊಂದಿಕೊಳ್ಳಲಿ. ನಮ್ಮ ಪದ್ಯವೂ ಹೊಂದಿಕೊಳ್ಳಲಿ.